ಸಾಹಿತ್ಯೋತ್ಸವಗಳೂ ಆತಿಥ್ಯದ ಋಣವೂ

ವೇಲ್ಸ್ ನಾಡಿನ ಗಡಿಯಲ್ಲಿ, ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾದ ಹೇ ಎಂಬ ಸಣ್ಣ ಪೇಟೆಯೊಂದಿದೆ. 1988ರಲ್ಲಿ ಅಲ್ಲಿ ಮೊದಲಾದ ಸಾಹಿತ್ಯೋತ್ಸವವು ಕಾಲಕ್ರಮದಲ್ಲಿ ಕಡಲುಗಳನ್ನು ದಾಟಿತು. 2006ರಲ್ಲಿ ಕೊಲಂಬಿಯಾ ದೇಶದ ಕಾರ್ತಹೇನಾ ಮತ್ತು ಸ್ಪೇನಿನ ಸೆಗೋವಿಯಾ ನಗರಗಳಲ್ಲಿಯೂ, 2015ರಲ್ಲಿ ಪೆರು ದೇಶದ ಅರೆಕಿಪಾದಲ್ಲಿಯೂ ಅದು ಆರಂಭವಾಯಿತು. 2010ರಲ್ಲಿ ನಮ್ಮ ನೆರೆಯ ತಿರುವನಂತಪುರಕ್ಕೂ ಬಂದಿದ್ದಿತು.

ಇಂತಹ ಉತ್ಸವವು ಬಂದ ಊರಿಗೆ ಕೀರ್ತಿ ಬರುವುದು ಸಹಜ. ಊರಿಗೆ ಬಂದ ಕೀರ್ತಿಯಲ್ಲಿ ಅದನ್ನು ಆಳುವವರಿಗೂ ಪಾಲುಂಟು. ಆದಕಾರಣ, ತಾವು ಯಾರ ಚಪ್ಪರದಡಿಯಲ್ಲಿ ಕುಳಿತಿರುವೆವೆಂಬುದನ್ನು ವಿಚಾರಿಸುವ ಹೊಣೆಯು ಅತಿಥಿಗಳಾದ ಗ್ರಂಥಕರ್ತರಿಗೆ ತಪ್ಪಿದ್ದಲ್ಲ.

ಮೆಕ್ಸಿಕೋ ದೇಶದಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ. 2011ರಿಂದ ಈ ಉತ್ಸವವು ವೆರಾಕ್ರೂಸ್ ಪ್ರಾಂತದ ರಾಜಧಾನಿಯಾದ ಹಲಾಪಾದಲ್ಲಿ, ಪ್ರಾಂತ ಸರ್ಕಾರದ ನೆರವಿನಿಂದ ನಡೆಯುತ್ತಿದ್ದಿತು. ಆ ವರ್ಷಗಳಲ್ಲಿಯೇ ಆ ಪ್ರಾಂತದಲ್ಲಿ ಪತ್ರಕರ್ತರು ಒಬ್ಬರಾದ ಮೇಲೊಬ್ಬರು ಕೊಲೆಗೀಡಾಗುತ್ತಿದ್ದರು. ಅಧಿಕಾರಿಗಳ ಅಕ್ರಮಗಳನ್ನು ಬಯಲಿಗೆಳೆದ ರೆಹೀನಾ ಮಾರ್ತೀನೆಸ್ ಎಂಬ ಮಹಿಳೆಯು 2012ರ ಏಪ್ರಿಲಿನಲ್ಲಿ ಅದೇ ಹಲಾಪಾದ ತನ್ನ ಮನೆಯೊಳಗೆ ಹತಳಾದಳು. 2015ರ ಆರಂಭದಲ್ಲಿ ನೂರಾರು ಮಂದಿ ಲೇಖಕರೂ ಪತ್ರಕರ್ತರೂ ಸಹಿ ಹಾಕಿ, ಉತ್ಸವವು ಆ ಊರನ್ನು ಬಿಡಬೇಕೆಂದು ಕೇಳಿದರು. ವ್ಯವಸ್ಥಾಪಕರು ಹಲಾಪಾವನ್ನು ಬಿಟ್ಟರು. 2016ರಿಂದ ಉತ್ಸವವು ಕೆರೆತಾರೋ ನಗರದಲ್ಲಿ ನೆಲೆಗೊಂಡಿತು. ಅಂದು ವೆರಾಕ್ರೂಸನ್ನು ಆಳುತ್ತಿದ್ದ ಗವರ್ನರ್ ಹಾವಿಯೆರ್ ದುವಾರ್ತೆಯು 2018ರಲ್ಲಿ ಅಕ್ರಮ ಹಣದ ಅಪರಾಧಕ್ಕಾಗಿ ಒಂಬತ್ತು ವರ್ಷಗಳ ಸೆರೆವಾಸಕ್ಕೆ ಗುರಿಯಾದನು.

ಆಳುವವರ ತಪ್ಪಿಗೆ ಊರಿನ ಓದುಗರು ಉತ್ಸವವನ್ನು ಕಳೆದುಕೊಳ್ಳಬೇಕೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ; ಹಲಾಪಾದ ವಾಚಕರಿಗೆ ನಷ್ಟವಾದದ್ದು ನಿಜ. ಆದರೆ ಊರಿನ ಲೇಖಕನು ಬಾಯಿ ತೆರೆಯಲು ಅಂಜುವ ಕಡೆ ಪರದೇಶದ ಲೇಖಕನು ನಿರ್ಭಯವಾಗಿ ಭಾಷಣಮಾಡಿದರೆ, ಆ ಸ್ವಾತಂತ್ರ್ಯವು ಹೊರಗಿನವರ ಕಣ್ಣಿಗೆ ಕಟ್ಟಿದ ತೋರಣವಾಗುತ್ತದೆ.

ಈ ವಿಷಯವು ನಮಗೂ ದೂರದ್ದಲ್ಲ. ಅದೇ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ತರುವಾಯ ದೇಶದ ಹಲವು ಭಾಷೆಗಳ ಲೇಖಕರು ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಅಕ್ಟೋಬರಿನಲ್ಲಿ ಅಕಾಡೆಮಿಯು ಆ ಹತ್ಯೆಯನ್ನು ಖಂಡಿಸಿ ನಿರ್ಣಯ ಮಾಡಿತು. ಮನ್ನಣೆಯನ್ನು ನಿರಾಕರಿಸುವುದರಿಂದಲೂ ಕಾರ್ಯವಾಗುತ್ತದೆಂಬುದು ಎರಡು ಖಂಡಗಳಲ್ಲಿ ಒಂದೇ ವರ್ಷ ಕಂಡುಬಂದಿತು.

ಉತ್ಸವಗಳು ಊರೂರಿಗೆ ಬರಲಿ. ಪರಭಾಷೆಗಳ ಗ್ರಂಥಕರ್ತರ ಮಾತನ್ನು ನಮ್ಮ ಜನರು ಕೇಳಲಿ. ಆದರೆ ಖರ್ಚಿಗೆ ಹಣ ಕೊಟ್ಟವರ ಹೆಸರುಗಳು ಮುಂಚಿತವಾಗಿ ಪ್ರಕಟವಾಗಬೇಕು. ಊರಿನ ಪತ್ರಕರ್ತನಿಗೆ ವೇದಿಕೆಯ ಮೇಲೆ ಒಂದು ಪೀಠವಿರಬೇಕು. ಅವನು ಆಡಿದ ಮಾತಿಗಾಗಿ ಮರುದಿನ ಅವನಿಗೆ ಕೇಡಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಇಷ್ಟಕ್ಕೆ ಒಪ್ಪದ ಕಡೆಗೆ ಹೋಗಲಾರೆವೆಂದು ಹೇಳುವ ಧೈರ್ಯವನ್ನು ಲೇಖಕರು ತೋರಬೇಕೆಂದು ನಮ್ಮ ಅಪೇಕ್ಷೆ.