ಅಂಕಪಟ್ಟಿ ಮನೆಗೆ ಬಂದ ರಾತ್ರಿ

ಪಾಲಾರ್ ನದಿಗೆ ಬೇತಮಂಗಲದಲ್ಲಿ ಕಟ್ಟಿದ ಜಲಾಶಯದಿಂದ ಕೋಲಾರದ ಚಿನ್ನದ ಗಣಿಗಳಿಗೆ ನೀರು ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ನೀರನ್ನು ಶೋಧಿಸಿ, ಪಂಪಿನಿಂದ ಮೇಲೆತ್ತಿ, ಕೊಳವೆಗಳಲ್ಲಿ ಕಳುಹಿಸುತ್ತಿದ್ದರು. ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾರೂ ನಲ್ಲಿಯನ್ನು ಬೈಯುವುದಿಲ್ಲ. ಕೊಳವೆ ಎಲ್ಲಿ ಒಡೆದಿದೆಯೆಂದು ಹುಡುಕುತ್ತಾರೆ. ಆದರೆ ಹದಿನಾಲ್ಕು ವರ್ಷದ ಹುಡುಗ ಗಣಿತದಲ್ಲಿ ಹದಿನೆಂಟು ಅಂಕ ತಂದರೆ ಮೊದಲು ಹೊರಡುವುದು ಬೈಗುಳವೇ ಅಲ್ಲವೆ?

ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಅಂದಿನಿಂದ ಈ ಸೀಮೆಯ ಎಷ್ಟೋ ತಂದೆಯರು ಬಂಗಾರಪೇಟೆಯ ಮೇಲೆ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಹೊರಡುವಾಗ ಮಗ ಮಲಗಿರುತ್ತಾನೆ. ಹಿಂತಿರುಗುವಾಗ ಇಬ್ಬರಿಗೂ ಆಯಾಸ. ಆ ಅರ್ಧ ಗಂಟೆಯಲ್ಲಿ ಅಂಕಪಟ್ಟಿ ಎದುರಿಗೆ ಬರುತ್ತದೆ. "ನಿನಗೋಸ್ಕರ ತಾನೆ ನಾನು ಹೀಗೆ ರೈಲಲ್ಲಿ ಒದ್ದಾಡ್ತಿರೋದು?" ಮಾತು ಸುಳ್ಳಲ್ಲ. ಆದರೆ ಹುಡುಗನಿಗೆ ಅದು ತೀರಿಸಲಾಗದ ಸಾಲದಂತೆ ಕೇಳಿಸುತ್ತದೆ. ಸಾಲಗಾರನು ಸಾಲ ಕೊಟ್ಟವನ ಕಣ್ಣು ತಪ್ಪಿಸುವುದು ಲೋಕರೂಢಿ. ಮುಂದಿನ ಅಂಕಪಟ್ಟಿ ನಿಮ್ಮ ಕೈಗೆ ಬರುವುದೇ ಇಲ್ಲ.

ಆ ರಾತ್ರಿ ಏನನ್ನೂ ತೀರ್ಮಾನಿಸಬೇಡಿ. "ಆಯ್ತಪ್ಪ, ನೋಡ್ದೆ. ಊಟ ಮಾಡು. ಭಾನುವಾರ ಮಾತಾಡೋಣ" ಎನ್ನಿ, ಆ ಭಾನುವಾರವನ್ನು ಮರೆಯಬೇಡಿ. ಎದುರಿಗೆ ನಿಲ್ಲಿಸಿಕೊಂಡು ಕೇಳುವುದಕ್ಕಿಂತ ಕೆರೆ ಏರಿಯ ಮೇಲೆ ಜೊತೆಯಲ್ಲಿ ನಡೆಯುತ್ತ ಕೇಳುವುದು ಲೇಸು. ಈ ವಯಸ್ಸಿನವರಿಗೆ ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸುವುದು ಕಷ್ಟ.

ಏನನ್ನು ಕೇಳಬೇಕು? "ಯಾಕೆ ಓದಲಿಲ್ಲ?" ಎಂಬ ಪ್ರಶ್ನೆಗೆ ಹುಡುಗನ ಬಳಿ ಉತ್ತರವಿಲ್ಲ. "ಎಲ್ಲಿಂದ ಅರ್ಥವಾಗದೆ ಹೋಯ್ತು?" ಎಂದು ಕೇಳಿ, ಸುಮ್ಮನಿರಿ. ಮೌನ ನಮಗೆ ಅವಿಧೇಯತೆಯಂತೆ ಕಾಣುತ್ತದೆ. ಬಹಳ ಸಲ ಅವನು ಮಾತು ಹುಡುಕುತ್ತಿರುತ್ತಾನೆ, ಅಷ್ಟೆ. "ಆರನೇ ಕ್ಲಾಸಿನ ಭಿನ್ನರಾಶಿಯಿಂದಲೇ ಅಪ್ಪಾ" ಎಂದನೆಂದರೆ ಒಡೆದ ಜಾಗ ಸಿಕ್ಕಿತು. ಒಂಬತ್ತನೆಯ ತರಗತಿಯ ಟ್ಯೂಷನ್ನಿಗೆ ಹಣ ಸುರಿಯುವ ಬದಲು ಆರನೆಯ ತರಗತಿಯ ಪುಸ್ತಕವನ್ನು ತೆರೆಯಬಹುದು.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ತೊಡಕುಂಟು. ಮನೆಯಲ್ಲಿ ತೆಲುಗು ಅಥವಾ ದಖನಿ, ಗಣಿಯ ಪೇಟೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಆಮೇಲೆ ನಡುವೆ ಇಂಗ್ಲಿಷ್ ಮಾಧ್ಯಮಕ್ಕೆ ನೆಗೆತ. ಲೆಕ್ಕ ಬಲ್ಲ ಮಗು ಲೆಕ್ಕದ ವಾಕ್ಯವನ್ನು ಬಲ್ಲದೆ ಸೋಲುತ್ತದೆ. ಪ್ರಶ್ನೆಪತ್ರಿಕೆಯ ಒಂದು ಲೆಕ್ಕವನ್ನು ಮನೆಮಾತಿನಲ್ಲಿ ಓದಿ ಹೇಳಿ. ಆಗ ಮಾಡಿಬಿಟ್ಟರೆ ದಡ್ಡತನದ ಮಾತನ್ನು ಅಲ್ಲಿಗೇ ಬಿಡಿ. ಹಾಗೆಯೇ ಕರಿಹಲಗೆ ಕಾಣಿಸುತ್ತದೆಯೆ ಎಂದೂ ಕೇಳಿ. ಕನ್ನಡಕವೊಂದರಿಂದ ತೀರಬಹುದಾದ ವಿಷಯಕ್ಕೆ ವರ್ಷಗಟ್ಟಲೆ ಪೆಟ್ಟು ತಿಂದ ಮಕ್ಕಳಿದ್ದಾರೆ.

ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಇದೇ ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯಲ್ಲಿ ಕೆಲಕಾಲ ದುಡಿದರು. ಇದನ್ನು ಹೇಳುತ್ತಿರುವುದು ನಿಮ್ಮ ಸಮಾಧಾನಕ್ಕೆ. ದಯವಿಟ್ಟು ಮಗನಿಗೆ ಉಪದೇಶಿಸಬೇಡಿ. ಪಕ್ಕದ ಮನೆಯ ಹುಡುಗನ ಜೊತೆಗೆ ಗುಂಡಪ್ಪನವರನ್ನೂ ಅವನ ತಲೆಯ ಮೇಲೆ ಕೂರಿಸಿದಂತಾದೀತು!

ಹುಡುಗಿಯಾದರೆ "ಓದಿದ್ದು ಸಾಕು, ಮದುವೆ ಮಾಡಿಬಿಡ್ತೀವಿ" ಎಂಬ ಬೆದರಿಕೆ ಬೇರೆ. ನೀವು ಕೋಪದಲ್ಲಿ ಆಡಿ ಮರೆಯುತ್ತೀರಿ; ಅವಳು ಅದನ್ನು ನಂಬಿ ರಾತ್ರಿಯೆಲ್ಲ ಎದ್ದಿರುತ್ತಾಳೆ.

ಶಾಲೆಗೆ ಹೋಗುವಾಗ ಮಗುವಿಗೆ ತಿಳಿಸಿಯೇ ಹೋಗಿ. ಉಪಾಧ್ಯಾಯರೆದುರು ಅವನನ್ನು ದೂರಬೇಡಿ. ಯಾವ ಪಾಠದಿಂದ ಹಿಂದೆ ಬಿದ್ದಿದ್ದಾನೆಂದು ಕೇಳಿ. ಮರುಪರೀಕ್ಷೆಯ ವಿಷಯವನ್ನೂ ಅಲ್ಲೇ ವಿಚಾರಿಸಿ. ೨೦೨೪ರಲ್ಲಿ ನಮ್ಮ ರಾಜ್ಯ ಹತ್ತನೆಯ ತರಗತಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಕೊಟ್ಟಿತು. ಒಮ್ಮೆ ಸೋತರೆ ಎಲ್ಲವೂ ಮುಗಿಯಿತೆಂಬ ಕಾಲ ಇದಲ್ಲ.

ಆದರೆ ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಗೆಳೆಯರನ್ನು ತೊರೆದರೆ, "ನಾನು ಇದ್ದೇನು ಪ್ರಯೋಜನ" ಎಂಬಂಥ ಮಾತಾಡಿದರೆ, ಭಾನುವಾರದವರೆಗೆ ಕಾಯಬಾರದು. ಪಕ್ಕದಲ್ಲಿ ಕುಳಿತು, ಸಾಯಬೇಕೆನಿಸುತ್ತಿದೆಯೆ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬನನ್ನೇ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ ೧೪೪೧೬; ಹಗಲುರಾತ್ರಿ ಉಚಿತವಾಗಿ ಮಾತನಾಡಬಹುದು, ಕನ್ನಡದಲ್ಲಿಯೇ.