ಋಣಭಾರ ಪ್ರಮಾಣಪತ್ರ

ಋಣಭಾರ ಪ್ರಮಾಣಪತ್ರವು ಸ್ಥಿರಾಸ್ತಿಯೊಂದರ ಮೇಲೆ ನಿರ್ದಿಷ್ಟ ಅವಧಿಯಲ್ಲಿ ನೋಂದಣಿಯಾದ ಕ್ರಯ, ದಾನ, ವಿಭಾಗ, ಅಡಮಾನ ಮೊದಲಾದ ವ್ಯವಹಾರಗಳನ್ನು ತೋರಿಸುವ ದಾಖಲೆಯಾಗಿದೆ. ಮನೆ ಅಥವಾ ನಿವೇಶನವನ್ನು ಕೊಳ್ಳುವ ಮುನ್ನ ಇದನ್ನು ಪರಿಶೀಲಿಸಲಾಗುತ್ತದೆ.

ಸ್ವರೂಪ

ಕರ್ನಾಟಕದಲ್ಲಿ ಇದನ್ನು ಉಪನೋಂದಣಾಧಿಕಾರಿಯ ಕಚೇರಿ ನೀಡುತ್ತದೆ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ದೊರೆಯುತ್ತದೆ. 2004ರ ಏಪ್ರಿಲ್ 1ರಿಂದೀಚಿನ ವಿವರಗಳು ಕಾವೇರಿ ಜಾಲತಾಣದಲ್ಲಿ ಲಭ್ಯವಿವೆ. ಅದಕ್ಕೂ ಹಿಂದಿನ ವಿವರಗಳಿಗೆ ಕಚೇರಿಯ ಹಳೆಯ ದಾಖಲೆಗಳನ್ನು ಹುಡುಕಿಸಬೇಕಾಗುತ್ತದೆ.

ಮಿತಿಗಳು

ಮೌಖಿಕ ವಿಭಾಗ, ಉಯಿಲು, ವಾರಸುದಾರರ ಹಕ್ಕು ಹಾಗೂ ನ್ಯಾಯಾಲಯದಲ್ಲಿರುವ ದಾವೆಗಳು ಸಾಮಾನ್ಯವಾಗಿ ಇದರಲ್ಲಿ ಕಾಣುವುದಿಲ್ಲ. ಭೂಮಿಯ ಮೂಲವೂ ತಿಳಿಯದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿಯಿಲ್ಲದೆ ಕೊಂಡರೆ, 1978ರ ಕಾಯಿದೆಯ ಪ್ರಕಾರ ಆ ವರ್ಗಾವಣೆ ಅಸಿಂಧು. ಉಪವಿಭಾಗಾಧಿಕಾರಿಯು ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಈ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಎತ್ತಿಹಿಡಿಯಿತು. 2023ರ ತಿದ್ದುಪಡಿಯು ಇಂತಹ ಅರ್ಜಿಗಳಿಗೆ ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸಿತು. ಆದ್ದರಿಂದ ಋಣಭಾರವಿಲ್ಲ ಎಂಬ ಪ್ರಮಾಣಪತ್ರವೊಂದೇ ಮಾಲೀಕತ್ವಕ್ಕೆ ಪೂರ್ಣ ಆಧಾರವಾಗುವುದಿಲ್ಲ.

ಜೊತೆಗೆ ಪರಿಶೀಲಿಸುವ ದಾಖಲೆಗಳು

ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನಂತಹ ಗ್ರಾಮಗಳಲ್ಲಿ ಮನೆ, ನಿವೇಶನಗಳಿಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆಗಳನ್ನೂ, ಜಮೀನಿಗೆ ಪಹಣಿ, ಮ್ಯುಟೇಶನ್ ಮತ್ತು ಮಂಜೂರಾತಿ ದಾಖಲೆಗಳನ್ನೂ ನೋಡಬೇಕು. ವಿದೇಶದಲ್ಲಿ ನೆಲೆಸಿರುವ ಅನಿವಾಸಿ ಭಾರತೀಯರು ಊರಿನಲ್ಲಿ ಮನೆಯನ್ನು ಕೊಳ್ಳಬಹುದಾದರೂ ಕೃಷಿಭೂಮಿ, ತೋಟ ಅಥವಾ ತೋಟದ ಮನೆಯನ್ನು ಖರೀದಿಸುವಂತಿಲ್ಲ. ಹೀಗಾಗಿ ಕೃಷಿ ಜಮೀನಿನಲ್ಲಿ ರೂಪುಗೊಂಡ ನಿವೇಶನಕ್ಕೆ ಭೂಪರಿವರ್ತನೆಯ ಆದೇಶ ಇದೆಯೇ ಎಂಬುದು ಅವರಿಗೆ ವಿಶೇಷವಾಗಿ ಮುಖ್ಯ.