ವೆಟ್‌ಸೂಟ್ ಎಷ್ಟು ಬಿಗಿಯಾಗಿರಬೇಕು?

ಸ್ಕೂಬಾ ಡೈವಿಂಗ್‌ಗೆ ಇಳಿಯುವವರು ತೊಡುವ ವೆಟ್‌ಸೂಟ್ ನೀರನ್ನು ಪೂರ್ತಿ ಹೊರಗಿಡುವ ಉಡುಪಲ್ಲ. ಕತ್ತು, ಮಣಿಕಟ್ಟು, ಕಣಕಾಲು, ಜಿಪ್ಪಿನ ಸಾಲು ಹೀಗೆ ಹಲವು ಕಡೆಗಳಿಂದ ಒಂದಿಷ್ಟು ನೀರು ಒಳಗೆ ಬಂದೇ ಬರುತ್ತದೆ. ಹಾಗೆ ಬಂದ ನೀರು ಒಳಗೇ ನಿಂತು ಮೈಯ ಬಿಸಿಗೆ ಬೆಚ್ಚಗಾಗುತ್ತದೆಯೋ, ಇಲ್ಲವೇ ಗಳಿಗೆಗೊಮ್ಮೆ ಹೊರಗೆ ಹರಿದು ತಣ್ಣನೆಯ ಹೊಸ ನೀರಿಗೆ ದಾರಿ ಬಿಡುತ್ತದೆಯೋ ಎಂಬುದರ ಮೇಲೆ ಡೈವರ್ ಹಾಯಾಗಿರುವುದೂ ನಡುಗುವುದೂ ನಿಂತಿದೆ. ಇದನ್ನು ತೀರ್ಮಾನಿಸುವುದರಲ್ಲಿ ಸೂಟಿನ ದಪ್ಪಕ್ಕಿಂತ ಅದರ ಅಳತೆಯ ಪಾಲು ದೊಡ್ಡದು. ದೊಗಳೆಯಾದ 5 ಮಿ.ಮೀ. ಸೂಟಿಗಿಂತ ಮೈಗಪ್ಪಿ ಕೂತ 3 ಮಿ.ಮೀ. ಸೂಟು ಎಷ್ಟೋ ವಾಸಿ.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. 28 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಬರಿಮೈಯಲ್ಲಿ ಕೂತವರಿಗೆ ಸೆಕೆಯೆನಿಸಬಹುದು. ಅಷ್ಟೇ ಉಷ್ಣತೆಯ ನೀರಿನಲ್ಲಿ ಮುಕ್ಕಾಲು ಗಂಟೆ ಕಳೆದರೆ ಅದೇ ಮೈ ಸಣ್ಣಗೆ ನಡುಗಲು ಶುರುವಾಗುತ್ತದೆ, ಏಕೆಂದರೆ ದೇಹದ ಒಳಗಿನ 37 ಡಿಗ್ರಿಯ ಬಿಸಿಯನ್ನು ನೀರು ಬಿಡುವಿಲ್ಲದೆ ಹೀರುತ್ತಿರುತ್ತದೆ. ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ತೊಂದರೆ ಅಷ್ಟು ಕೆಳಕ್ಕೆ ಇಳಿಯುವವರೆಗೂ ಕಾಯುವುದಿಲ್ಲ. ಚಳಿ ಹತ್ತಿದ ಡೈವರ್ ಸಿಲಿಂಡರಿನ ಗಾಳಿಯನ್ನು ಬೇಗ ಮುಗಿಸುತ್ತಾನೆ, ಬೆರಳುಗಳು ಹೇಳಿದಂತೆ ಕೇಳುವುದಿಲ್ಲ, ಮೀಟರಿನತ್ತ ಗಮನ ಹರಿಯುವುದಿಲ್ಲ. ನಮ್ಮ ಕಡಲು ಬೆಚ್ಚಗಿದೆ, ಸೂಟು ಹೇಗಿದ್ದರೇನು ಎಂಬ ಮಾತು ಡೈವಿಂಗ್ ದೋಣಿಗಳಲ್ಲಿ ಕೇಳಿಬರುವುದುಂಟು. ಅದು ಸರಿಯಾದ ಮಾತಲ್ಲ.

ಬೆಚ್ಚಗಿಡುವ ಕೆಲಸ ನಿಜಕ್ಕೂ ಯಾವುದು ಮಾಡುತ್ತದೆ ಎಂದು ತಿಳಿದರೆ ಅಳತೆಯ ವಿಷಯ ಅರ್ಧ ಅರ್ಥವಾದಂತೆ. ವೆಟ್‌ಸೂಟಿನ ಮೂಲ ಪದಾರ್ಥ ನಿಯೋಪ್ರೀನ್. ಇದು 1930ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರ್. ಸೂಟಿಗೆ ಬಳಸುವಾಗ ಇದನ್ನು ಸ್ಪಂಜಿನಂತೆ ಉಬ್ಬಿಸಿ, ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಅನಿಲದ ಗುಳ್ಳೆಗಳನ್ನು ಕೂರಿಸುತ್ತಾರೆ. ಒಂದೊಂದು ಗುಳ್ಳೆಯೂ ಬಿಡಿಬಿಡಿಯಾಗಿ ಮುಚ್ಚಿಕೊಂಡಿರುವುದರಿಂದ ನೀರು ಒಳಗೆ ಇಂಗುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾದಳದ ಡೈವರ್‌ಗಳಿಗಾಗಿ ಉಡುಪನ್ನು ಯೋಚಿಸುತ್ತಿದ್ದಾಗ ಅವರಿಗೆ ಹೊಳೆದದ್ದು ಸರಳವಾದ ಸಂಗತಿ: ಬಟ್ಟೆಯೊಳಗೆ ಅನಿಲ ಸಿಕ್ಕಿಕೊಂಡಿದ್ದರೆ ಸಾಕು, ಚರ್ಮ ಒಣಗಿರಲೇಬೇಕೆಂದಿಲ್ಲ. ಅದುವರೆಗೆ ಎಲ್ಲರೂ ನೀರು ಹೊಗದ ಉಡುಪಿಗಾಗಿ ಹೆಣಗುತ್ತಿದ್ದರು.

ಒಳಗೆ ಸೇರಿದ ನೀರಿನ ಪದರವೇ ಮೈಯನ್ನು ಬೆಚ್ಚಗಿಡುತ್ತದೆ ಎಂಬ ವಿವರಣೆ ಹಲವು ಕಡೆ ಸಿಗುತ್ತದೆ. ಅದು ಅರ್ಧ ಸತ್ಯ. ಬೆಚ್ಚಗಿಡುವುದು ಗುಳ್ಳೆಗಳೊಳಗಿನ ಅನಿಲ. ನೀರಿನ ಪದರವನ್ನು ದೇಹ ತನ್ನ ಬಿಸಿ ಖರ್ಚು ಮಾಡಿ ಕಾಯಿಸಬೇಕಾಗುತ್ತದೆ. ಆ ಪದರ ತೆಳ್ಳಗಿದ್ದು ಕದಲದೆ ನಿಂತರೆ ಒಮ್ಮೆ ಕಾಯಿಸಿದರೆ ಮುಗಿಯಿತು. ದಪ್ಪಗಿದ್ದು ಬದಲಾಗುತ್ತಲೇ ಇದ್ದರೆ ಕಾಯಿಸುವ ಕೆಲಸಕ್ಕೆ ಕೊನೆಯಿಲ್ಲ.

ದೊಗಳೆ ಸೂಟಿನಲ್ಲಿ ಆಗುವುದು ಇದೇ. ಮೈಗೂ ರಬ್ಬರಿಗೂ ನಡುವೆ ಟೊಳ್ಳು ಉಳಿದಿದ್ದರೆ, ಡೈವರ್ ಕಾಲು ಬಡಿದಾಗ, ಸೊಂಟ ಬಾಗಿಸಿದಾಗ, ಕೈ ಚಾಚಿದಾಗ ಆ ಟೊಳ್ಳು ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುತ್ತದೆ. ಕುಗ್ಗಿದಾಗ ಕಾದ ನೀರು ಕತ್ತಿನಿಂದಲೋ ಕಣಕಾಲಿನಿಂದಲೋ ಹೊರಗೆ ಹೋಗುತ್ತದೆ, ಹಿಗ್ಗಿದಾಗ ತಣ್ಣೀರು ಬೆನ್ನಿನುದ್ದಕ್ಕೂ ಹರಿಯುತ್ತದೆ. ಟೊಳ್ಳು ಉಳಿಯುವುದು ಹೆಚ್ಚಾಗಿ ದೇಹ ಒಳಕ್ಕೆ ಬಾಗಿರುವ ಕಡೆ: ಬೆನ್ನಿನ ಕೆಳಭಾಗದ ತಗ್ಗು, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಬದಿ. ಇವುಗಳಲ್ಲಿ ಬೆನ್ನಿನ ತಗ್ಗು ಎಲ್ಲಕ್ಕಿಂತ ಕಾಟ ಕೊಡುವಂಥದು. ಎದೆ, ಸೊಂಟ, ಎತ್ತರ ಎಲ್ಲ ಸರಿಹೊಂದಿದ ಸೂಟಿನಲ್ಲೂ ಅಲ್ಲಿ ಒಂದು ಬೊಗಸೆ ನೀರು ನಿಲ್ಲುವಷ್ಟು ಜಾಗ ಉಳಿದುಬಿಡುತ್ತದೆ.

ಹಾಗೆಂದು ಬಿಗಿಯಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಎದೆಯ ಸುತ್ತ ಸೂಟು ಹಿಡಿದುಕೊಂಡರೆ ಪ್ರತಿ ಉಸಿರಿಗೂ ಪಕ್ಕೆಲುಬುಗಳು ರಬ್ಬರಿನೊಂದಿಗೆ ಸೆಣಸಬೇಕು. ನೀರಿಗಿಳಿದ ಕೂಡಲೇ ಕಾಲು ಮತ್ತು ಹೊಟ್ಟೆಯ ಕಡೆಯ ಅರ್ಧ ಲೀಟರಿನಷ್ಟು ರಕ್ತ ನೀರಿನ ಒತ್ತಡಕ್ಕೆ ಎದೆಗೂಡಿನತ್ತ ಸರಿಯುತ್ತದೆ. ಆಳಕ್ಕೆ ಹೋದಂತೆ ಉಸಿರಾಡುವ ಗಾಳಿಯೂ ಸಾಂದ್ರವಾಗುತ್ತದೆ. ಹೀಗೆ ಮೊದಲೇ ಶ್ರಮಪಡುತ್ತಿರುವ ಶ್ವಾಸಕ್ಕೆ ಬಿಗಿ ಸೂಟಿನ ಹೊರೆ ಬೇರೆ. ಮೇಲುಸಿರು ಬಂದ ಹೊಸಬರು ಗಾಬರಿಯಾಗುತ್ತಾರೆ, ಗಾಬರಿಯಿಂದ ಉಸಿರು ಇನ್ನಷ್ಟು ತುಂಡಾಗುತ್ತದೆ. ನೀರಿನಡಿ ಇದಕ್ಕಿಂತ ಕೆಟ್ಟ ಸುಳಿ ಇಲ್ಲ.

ಕತ್ತಿನ ಪಟ್ಟಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಕತ್ತಿನ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ ರಕ್ತದೊತ್ತಡವನ್ನು ಅಳೆಯುವ ನರತುದಿಗಳಿವೆ. ಹೊರಗಿನಿಂದ ಬಿಗಿ ಒತ್ತಿದರೆ ಒತ್ತಡ ಏರಿದೆ ಎಂದು ಅವು ತಪ್ಪು ತಿಳಿದು ಹೃದಯದ ಬಡಿತವನ್ನು ನಿಧಾನಗೊಳಿಸುವ ಸೂಚನೆ ಕಳಿಸುತ್ತವೆ. ತಲೆ ಹಗುರಾಗುವುದು, ಕಣ್ಣು ಮಂಜಾಗುವುದು, ಕೆಲವರಿಗೆ ಎಚ್ಚರ ತಪ್ಪುವುದು ಇದರ ಫಲ. ದಡದಲ್ಲಿ ಕತ್ತು ಸ್ವಲ್ಪ ಹಿಡಿದಂತಿದೆ, ನೀರಿಗಿಳಿದರೆ ಸರಿಹೋಗುತ್ತದೆ ಎಂದು ಸುಮ್ಮನಿರಬಾರದು. ತಲೆ ತಿರುಗಿದಂತಾದರೆ ಆ ಸೂಟನ್ನು ಅಲ್ಲಿಯೇ ಕಳಚಬೇಕು. ಮಣಿಕಟ್ಟು, ಕಣಕಾಲುಗಳ ಬಿಗಿ ಅಷ್ಟು ಅಪಾಯಕಾರಿಯಲ್ಲ. ಆದರೆ ಬೆರಳು ಜೋಮು ಹಿಡಿದರೆ, ಕೈಯ ಬಣ್ಣ ಬದಲಾದರೆ ರಕ್ತ ಸಲೀಸಾಗಿ ಹರಿಯುತ್ತಿಲ್ಲ ಎಂದೇ ಅರ್ಥ.

ಅಂಗಡಿಯಲ್ಲಿ ಹಾಕಿ ನೋಡುವಾಗ ಅವಸರ ಸಲ್ಲದು. ಮೈ ಒಣಗಿರಬೇಕು. ಕರಾವಳಿಯ ಬೆವರಿನಲ್ಲಿ ನಿಯೋಪ್ರೀನ್ ಚರ್ಮಕ್ಕೆ ಕಚ್ಚಿಕೊಂಡು ಮೇಲಕ್ಕೇರುವುದೇ ಇಲ್ಲ. ಈಜುಡುಪು ಅಥವಾ ತೆಳುವಾದ ಲೈಕ್ರಾ ತೊಟ್ಟು, ಪಾದಕ್ಕೆ ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಂಡರೆ ಕಾಲು ಸುಲಭವಾಗಿ ಜಾರುತ್ತದೆ. ಬಹುತೇಕ ಸ್ಕೂಬಾ ಸೂಟುಗಳಲ್ಲಿ ಜಿಪ್ ಬೆನ್ನಿಗೆ ಬರುತ್ತದೆ. ಮೊದಲ ಸಲ ತೊಡುವವರು ಅದನ್ನು ಎದೆಗೆ ತಂದುಕೊಂಡು ಕತ್ತು ಉಸಿರುಗಟ್ಟುತ್ತಿದೆ ಎಂದು ದೂರುವುದುಂಟು.

ಬಟ್ಟೆಯನ್ನು ಉಗುರಿನಿಂದ ಎಳೆಯದೆ ಬೆರಳ ತುದಿಯ ಮಾಂಸಲ ಭಾಗದಿಂದ ಚಿವುಟಿ ಹಿಡಿದು, ಕಣಕಾಲಿನಿಂದ ಶುರುಮಾಡಿ ನೆರಿಗೆ ನೆರಿಗೆಯಾಗಿ ಮೇಲಕ್ಕೆ ಸರಿಸುತ್ತ ಬರಬೇಕು. ಉಗುರು ತಾಗಿದರೆ ರಬ್ಬರಿನಲ್ಲಿ ಅರ್ಧಚಂದ್ರದಂತೆ ಸೀಳು ಬೀಳುತ್ತದೆ. ಮೊಣಕಾಲಿನ ಭಾಗ ಮೊಣಕಾಲಿಗೇ ಬಂತೇ, ತೊಡೆಸಂದಿನ ಹೊಲಿಗೆ ಮೈಗೆ ತಾಗಿತೇ ಎಂದು ನೋಡಿಕೊಂಡ ಮೇಲಷ್ಟೇ ತೋಳು ಹಾಕಬೇಕು. ಈ ಹಂತವನ್ನು ಹಾರಿಸುವವರೇ ಹೆಚ್ಚು. ತೊಡೆಸಂದಿನಲ್ಲಿ ಮೂರು ಬೆರಳು ಜಾಗ ಉಳಿಸಿಕೊಂಡು ತೋಳು ತೂರಿಸಿದರೆ ಇಡೀ ಸೂಟು ಭುಜಗಳನ್ನು ಕೆಳಕ್ಕೆ ಜಗ್ಗುತ್ತದೆ, ಕತ್ತಿನ ಪಟ್ಟಿ ಗಂಟಲಿಗೆ ಒತ್ತುತ್ತದೆ. ಸೂಟು ಚಿಕ್ಕದಾಯಿತು ಎಂದು ಅವರು ಒಂದು ಸೈಜ್ ದೊಡ್ಡದನ್ನು ಒಯ್ಯುತ್ತಾರೆ. ದೊಗಳೆ ಸೂಟುಗಳು ಮನೆ ಸೇರುವ ಒಂದು ದಾರಿ ಇದು. ಭುಜ ಬಿಗಿಯೆನಿಸಿದರೆ ಮೊದಲು ನೋಡಬೇಕಾದ್ದು ಕಾಲಿನ ಕಡೆ.

ಜಿಪ್ ಏರಿಸಲು ಇನ್ನೊಬ್ಬರ ಒಂದು ಕೈ ಬೇಕಾಗಬಹುದು, ಇಬ್ಬರು ಸೇರಿ ಜಗ್ಗಬೇಕಾದರೆ ಸೂಟು ಚಿಕ್ಕದು. ಏರಿಸಿದ ಮೇಲೆ ಎದೆ ತುಂಬ ಉಸಿರೆಳೆದು ನೋಡಬೇಕು. ಸೂಟು ಅಪ್ಪಿಕೊಂಡಿರುವುದು ತಿಳಿಯಬೇಕು, ಉಸಿರು ಮಾತ್ರ ಪೂರ್ತಿ ಒಳಗೆ ಹೋಗಬೇಕು. ಎರಡೂ ಕೈ ತಲೆಯ ಮೇಲೆತ್ತಿದಾಗ, ಕುಕ್ಕುರುಗಾಲಿನಲ್ಲಿ ಕೂತಾಗ, ಬಾಗಿ ಪಾದ ಮುಟ್ಟಿದಾಗ ರಬ್ಬರ್ ಎಳೆದಂತಾಗಬಹುದು, ಚಲನೆ ಅರ್ಧಕ್ಕೆ ನಿಲ್ಲಬಾರದು. ಬೆನ್ನಿನ ಹಿಂದೆ ಕೈ ತಂದು ಸಿಲಿಂಡರಿನ ವಾಲ್ವ್ ಮುಟ್ಟುವಂತೆ ಮಾಡಿ ನೋಡುವುದೂ ಒಳ್ಳೆಯದು. ಕತ್ತಿನ ಪಟ್ಟಿಯೊಳಗೆ ಒಂದು ಬೆರಳು ತೂರಬೇಕು. ಬೆನ್ನಿನ ತಗ್ಗಿನಲ್ಲಿ, ಕಂಕುಳಲ್ಲಿ ಬಟ್ಟೆಯನ್ನು ಚಿವುಟಿದರೆ ಮುಷ್ಟಿಗೆ ಬರಬಾರದು. ಎಲ್ಲಿಯೂ ಅಡ್ಡ ನೆರಿಗೆ ನಿಂತಿರಬಾರದು. ಹೀಗೆ ತೊಟ್ಟು ಹತ್ತು ನಿಮಿಷ ಓಡಾಡಿದರೆ ನಿಜ ತಾನಾಗಿಯೇ ಹೊರಬರುತ್ತದೆ. ನೀರಿಗಿಳಿದಾಗ ಬಿಗಿ ತುಸು ಕಡಿಮೆಯಾಗುತ್ತದೆ, ಹೊಸ ಸೂಟು ಕೆಲವು ಡೈವ್‌ಗಳಲ್ಲಿ ಮೈಗೆ ಹೊಂದಿಕೊಂಡು ಇನ್ನೂ ಸ್ವಲ್ಪ ಸಡಿಲವಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಆರಾಮವೆನಿಸಿದ ಸೂಟು ಕಡಲಲ್ಲಿ ದೊಗಳೆ ಎಂದೇ ತಿಳಿಯಬಹುದು.

ಸೈಜ್ ಪಟ್ಟಿಗಳು ಕಂಪನಿಯಿಂದ ಕಂಪನಿಗೆ ಬೇರೆ. ಒಂದರ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರಬಹುದು. ಎತ್ತರ, ತೂಕದ ಜೊತೆಗೆ ಎದೆ, ಸೊಂಟ, ನಿತಂಬದ ಸುತ್ತಳತೆಗಳನ್ನು ಟೇಪಿನಲ್ಲಿ ಅಳೆದೇ ಪಟ್ಟಿ ನೋಡಬೇಕು. ಅಳತೆಗಳು ಎರಡು ಸೈಜ್‌ಗಳಲ್ಲಿ ಹಂಚಿಹೋದರೆ ಎದೆಯ ಸುತ್ತಳತೆಗೆ ಮೊದಲ ಮರ್ಯಾದೆ. ತೋಳು, ಕಾಲು ಒಂದೆರಡು ಅಂಗುಲ ಉದ್ದವಾದರೆ ಕತ್ತರಿಸಿಯೋ ಸರಿಸಿಯೋ ಸುಧಾರಿಸಬಹುದು, ಎದೆಯನ್ನು ಹಾಗೆ ಮಾಡಲಾಗದು. ಹೆಂಗಸರ ಸೂಟುಗಳ ಕತ್ತರಿಕೆ ಬೇರೆಯೇ ಇರುವುದರಿಂದ, ಗಂಡಸರ ಚಿಕ್ಕ ಸೈಜ್ ಕೊಟ್ಟು ಇದೇ ಸಾಕು ಎನ್ನುವ ಅಂಗಡಿಯವರ ಮಾತನ್ನು ಒಪ್ಪಬೇಕಿಲ್ಲ. ಸಿದ್ಧ ಸೈಜ್ ಯಾವುದೂ ಕೂರದಿದ್ದರೆ ಅಳತೆ ಕೊಟ್ಟು ಹೊಲಿಸುವ ವ್ಯವಸ್ಥೆಯೂ ಹಲವು ಕಂಪನಿಗಳಲ್ಲಿದೆ.

ಭಾರತದಲ್ಲಿ ಡೈವಿಂಗ್ ಕಲಿಯುವ ಬಹುಪಾಲು ಜನ ತೊಡುವುದು ಬಾಡಿಗೆಯ ಸೂಟು. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದ ನೇತ್ರಾಣಿ ದ್ವೀಪಕ್ಕೆ ಹೊರಡುವವರಿಗೂ ಡೈವಿಂಗ್ ಕೇಂದ್ರದವರೇ ಸೂಟು ಕೊಡುತ್ತಾರೆ. ಅಲ್ಲಿನ ನೀರು ಡೈವಿಂಗ್ ಕಾಲದಲ್ಲಿ ಬೆಚ್ಚಗಿರುವುದರಿಂದ 3 ಮಿ.ಮೀ. ಸೂಟು ಸಾಮಾನ್ಯವಾಗಿ ಸಾಕಾಗುತ್ತದೆ. ಕೊಟ್ಟದ್ದು ಹೊಂದದಿದ್ದರೆ ಬೇರೆ ಸೈಜ್ ಕೇಳಲು ಸಂಕೋಚಪಡುವವರು ಬಹಳ. ಸರದಿಯಲ್ಲಿ ಹಿಂದೆ ಹತ್ತು ಜನ ನಿಂತಿದ್ದರೂ ಕೇಳಿ ಬದಲಿಸಿಕೊಳ್ಳುವುದು ಡೈವರ್‌ನ ಹಕ್ಕು. ದೋಣಿಯಲ್ಲಿ ಬಿಸಿಲಿಗೆ ಪೂರ್ತಿ ಜಿಪ್ ಏರಿಸಿ ಕೂತರೆ ಸೆಕೆಗೆ ತಲೆಸುತ್ತು ಬರಬಹುದು. ಸೊಂಟದವರೆಗೆ ತೊಟ್ಟು, ಉಳಿದದ್ದನ್ನು ನೀರಿಗಿಳಿಯುವ ಮುಂಚೆ ಹಾಕಿಕೊಳ್ಳುವುದು ರೂಢಿ.

ತಣ್ಣೀರಿನ ಸೂಟುಗಳಲ್ಲಿ ಅಳತೆ ಇನ್ನೂ ಬಿಗುವಾದ ಲೆಕ್ಕ. 7 ಮಿ.ಮೀ. ನಿಯೋಪ್ರೀನ್ ಸುಲಭವಾಗಿ ಹಿಗ್ಗುವುದಿಲ್ಲ, ಆದ್ದರಿಂದ 3 ಮಿ.ಮೀ. ಸೂಟು ಮರೆಮಾಚುವ ಸಣ್ಣ ತಪ್ಪನ್ನು ಅದು ಎತ್ತಿ ತೋರಿಸುತ್ತದೆ. ಹೊಲಿಗೆಯೂ ಮುಖ್ಯ. ಬಟ್ಟೆಯ ಆರಪಾರ ಸೂಜಿ ಹಾಯ್ದ ಚಪ್ಪಟೆ ಹೊಲಿಗೆಯಲ್ಲಿ ಪ್ರತಿ ರಂಧ್ರದಿಂದಲೂ ನೀರು ಜಿನುಗುತ್ತದೆ, ಬೆಚ್ಚನೆಯ ಕಡಲಿಗೆ ಅದು ನಡೆಯುತ್ತದೆ. ತಣ್ಣೀರಿಗೆ ಅಂಚುಗಳನ್ನು ಅಂಟಿಸಿ, ಸೂಜಿ ಬಟ್ಟೆಯ ಅರ್ಧ ದಪ್ಪಕ್ಕಷ್ಟೇ ಇಳಿಯುವಂತೆ ಹೊಲಿದ ಸೂಟು ಬೇಕು. ತಲೆಗೆ ಹಾಕುವ ಹುಡ್ ಕಿವಿಯ ಮೇಲೆ ಅಂಟಿಕೊಂಡು ಒಳಗಿನ ಗಾಳಿಯನ್ನು ಬಂಧಿಸಿದರೆ ಇಳಿಯುವಾಗ ಕಿವಿತಮಟೆಗೆ ನೋವಾಗುತ್ತದೆ. ಅಂಚನ್ನು ಒಮ್ಮೆ ಎತ್ತಿ ನೀರು ಬಿಟ್ಟುಕೊಂಡರೆ ತೊಂದರೆ ತಪ್ಪುತ್ತದೆ.

ಆಳ ಹೆಚ್ಚಿದಂತೆ ಸೂಟು ಬದಲಾಗುತ್ತದೆ. 10 ಮೀಟರಿನಲ್ಲಿ ಒತ್ತಡ ಮೇಲ್ಮೈಯ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಗುಳ್ಳೆಗಳು ಅಮುಕಿಕೊಂಡು ರಬ್ಬರ್ ತೆಳ್ಳಗಾಗುತ್ತದೆ, ಬೆಚ್ಚಗಿಡುವ ಶಕ್ತಿಯೂ ತೇಲುವ ಗುಣವೂ ಕುಗ್ಗುತ್ತವೆ. ದಡದಲ್ಲಿ ಬಿಗಿದ ವೆಯ್ಟ್ ಬೆಲ್ಟ್ ಆಳದಲ್ಲಿ ಸಡಿಲವಾಗಿ ಜಾರುವುದು ಸೊಂಟದ ನಿಯೋಪ್ರೀನ್ ತೆಳ್ಳಗಾದುದರಿಂದಲೇ.

ಈ ಲೆಕ್ಕಾಚಾರ ಎಲ್ಲ ಡೈವಿಂಗ್ ಉಡುಪಿಗೂ ಒಪ್ಪುವುದಿಲ್ಲ. ಒಂದೇ ಉಸಿರಿನಲ್ಲಿ ಮುಳುಗುವ ಫ್ರೀಡೈವರ್‌ಗಳ ಎಷ್ಟೋ ಸೂಟುಗಳ ಒಳಮೈಗೆ ಬಟ್ಟೆಯ ಅಸ್ತರಿ ಇರುವುದಿಲ್ಲ. ರಬ್ಬರ್ ನೇರವಾಗಿ ಚರ್ಮಕ್ಕೆ ಅಂಟುವುದರಿಂದ ಸಾಬೂನು ನೀರು ಸವರಿಕೊಂಡೇ ತೊಡಬೇಕು. ಡ್ರೈಸೂಟ್‌ನದು ಇದಕ್ಕೆ ತದ್ವಿರುದ್ಧ. ಅದರೊಳಗೆ ಉಣ್ಣೆಯಂಥ ಬೆಚ್ಚನೆಯ ಬಟ್ಟೆ ತೊಡಬೇಕಾದ್ದರಿಂದ ಅದು ಸಡಿಲವಾಗಿಯೇ ಇರಬೇಕು, ಬಿಗಿ ಬೇಕಾದ್ದು ಕತ್ತು, ಮಣಿಕಟ್ಟುಗಳ ಸೀಲ್‌ಗಳಲ್ಲಿ ಮಾತ್ರ.

ಸರಿಯಾಗಿ ಕೂತ ಸೂಟು ಎಂದೆಂದಿಗೂ ಹಾಗೇ ಇರುವುದಿಲ್ಲ. ಪದೇ ಪದೇ ಆಳದ ಒತ್ತಡಕ್ಕೆ ಸಿಕ್ಕಿ ಗುಳ್ಳೆಗಳು ಚಪ್ಪಟೆಯಾಗಿ ಮತ್ತೆ ಉಬ್ಬದಂತಾಗುತ್ತವೆ, ಬಿಸಿಲಿಗೆ ರಬ್ಬರ್ ಪೆಡಸಾಗುತ್ತದೆ. ಸಿಹಿನೀರಿನಲ್ಲಿ ಅದ್ದಿ ತೊಳೆದು, ನೆರಳಿನಲ್ಲಿ ಅಗಲವಾದ ಹ್ಯಾಂಗರ್‌ಗೆ ತೂಗುಹಾಕಿದರೆ ಬಾಳಿಕೆ ಹೆಚ್ಚುತ್ತದೆ. ಮಡಚಿ ಪೆಟ್ಟಿಗೆಯಲ್ಲಿ ತುರುಕಿದರೆ ಮಡಿಕೆಯ ಗೆರೆಯುದ್ದಕ್ಕೂ ಅದು ತೆಳುವಾಗುತ್ತದೆ. ಕಳೆದ ವರ್ಷ ಬೆಚ್ಚಗಿದ್ದ ಅದೇ ನೀರಿನಲ್ಲಿ ಈ ವರ್ಷ ಚಳಿ ಹತ್ತಿದರೆ, ಬಟ್ಟೆಯನ್ನು ಎರಡು ಬೆರಳ ನಡುವೆ ಒತ್ತಿ ನೋಡಬೇಕು. ಸ್ಪಂಜಿನಂತೆ ಮರಳಿ ಉಬ್ಬದೆ ಹಲಗೆಯಂತೆ ಕೂತಿದ್ದರೆ, ಅಳತೆ ಎಷ್ಟೇ ಸರಿಯಿದ್ದರೂ ಆ ಸೂಟನ್ನು ಬದಲಿಸುವ ಕಾಲ ಬಂದಿದೆ.